ಪೆನ್ ನಂಬರ್ ಸಿಗೋದು ಸುಲಭ, ಅದರ ಹಿಂದಿರುವ ಹೆಸರು ಸರಿ ಇದೆಯಾ?

ಕಾಸರಗೋಡಿನ ಯಾವುದೇ ಶಾಲೆಯ ಸ್ಟಾಫ್ ರೂಮಿಗೆ ಹೊಸ ಟೀಚರ್ ಬಂದರೆ ಸ್ವಲ್ಪ ದಿನದಲ್ಲೇ ಕೇಳಿಬರುವ ಪ್ರಶ್ನೆ, "ಪೆನ್ ಬಂತಾ ಟೀಚರೇ?" ಹೊರಗಿನವರಿಗೆ ಬರೆಯುವ ಪೆನ್ನಿನ ಮಾತು ಅನಿಸಬಹುದು. ಆದರೆ ಇದರ ಅರ್ಥ ಸಂಬಳ ಶುರುವಾಯಿತಾ ಅಂತ.

ಪೆನ್ ಅಂದರೆ ಪರ್ಮನೆಂಟ್ ಎಂಪ್ಲಾಯೀ ನಂಬರ್. ಕೇರಳ ಸರಕಾರದಿಂದ ಸಂಬಳ ಪಡೆಯುವ ಪ್ರತಿಯೊಬ್ಬ ನೌಕರನಿಗೂ 'ಸ್ಪಾರ್ಕ್' ಎಂಬ ಸಂಬಳದ ತಂತ್ರಾಂಶ ಕೊಡುವ ನಂಬರ್ ಇದು. ಸರಕಾರಿ ಶಾಲೆಯವರಿಗೂ ಇದೆ, ಎಯ್ಡೆಡ್ ಶಾಲೆಯವರಿಗೂ ಇದೆ. ವರ್ಗಾವಣೆ ಆಗಲಿ, ಪ್ರಮೋಷನ್ ಆಗಲಿ, ನಂಬರ್ ಬದಲಾಗೋದಿಲ್ಲ. ದಿನಗೂಲಿ ಲೆಕ್ಕದ ಟೀಚರ್‌ಗಳಿಗೆ ಈ ಕಾಯಂ ನಂಬರ್ ಸಿಗೋದಿಲ್ಲ, ಅವರನ್ನು ಸ್ಪಾರ್ಕ್‌ನಲ್ಲಿ ತಾತ್ಕಾಲಿಕ ನೌಕರರಾಗಿ ಬೇರೆಯೇ ಸೇರಿಸುತ್ತಾರೆ. ಖಾಸಗಿ ಇಂಗ್ಲಿಷ್ ಮೀಡಿಯಂ ಶಾಲೆಯವರಿಗೂ ಪೆನ್ ಇಲ್ಲ. ಮದ್ರಸದ ಉಸ್ತಾದರಿಗೆ ಕ್ಷೇಮನಿಧಿಯ ಸದಸ್ಯತ್ವ ನಂಬರ್ ಇರುತ್ತದೆ, ಅದು ಬೇರೆ.

ಇನ್ನೊಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡೋಣ. ಮಗುವಿನ ಟಿ.ಸಿ. ತರಲು ಹೋದಾಗಲೂ ಶಾಲೆಯವರು 'ಪೆನ್' ಅನ್ನುತ್ತಾರೆ. ಅದು ಪರ್ಮನೆಂಟ್ ಎಜುಕೇಶನ್ ನಂಬರ್, ಯುಡೈಸ್‌ನಲ್ಲಿ ಮಕ್ಕಳಿಗೆ ಕೊಡುವ 11 ಅಂಕಿಯ ನಂಬರ್. ಹೆಸರು ಒಂದೇ, ಕೆಲಸ ಬೇರೆ. ತಲಪಾಡಿ ದಾಟಿ ಕರ್ನಾಟಕದಲ್ಲಿ ಸರಕಾರಿ ಟೀಚರ್ ಆದವರಿಗೆ ಈ ಎರಡೂ ಅಲ್ಲ, ಅಲ್ಲಿ ಕೆಜಿಐಡಿ ನಂಬರ್ ನಡೆಯುತ್ತದೆ.

ನಂಬರ್ ಸಿಗುವುದು ಹೇಗೆ? ಪಿ.ಎಸ್.ಸಿ. ಮೂಲಕ ಸರಕಾರಿ ಶಾಲೆಗೆ ಬಂದವರು ಕೆಲಸಕ್ಕೆ ಸೇರಿದ ಮೇಲೆ ಕಚೇರಿಯಿಂದ ಅವರ ವಿವರ ಸ್ಪಾರ್ಕ್‌ಗೆ ಹೋಗುತ್ತದೆ. ಎಯ್ಡೆಡ್‌ನಲ್ಲಿ ಅಷ್ಟು ಸಲೀಸಲ್ಲ. ಮ್ಯಾನೇಜರ್ ಆರ್ಡರ್ ಕೊಟ್ಟ ಮಾತ್ರಕ್ಕೆ ಪೆನ್ ಬರೋದಿಲ್ಲ. ಪ್ರೈಮರಿಯಾದರೆ ಮಂಜೇಶ್ವರ, ಕುಂಬಳೆ ಅಥವಾ ಕಾಸರಗೋಡಿನ ಎಇಒ ಕಚೇರಿ, ಹೈಸ್ಕೂಲಾದರೆ ಡಿಇಒ ಕಚೇರಿ ಆ ನೇಮಕಾತಿಯನ್ನು ಅಂಗೀಕರಿಸಬೇಕು. ಅಲ್ಲಿವರೆಗೆ ದಿನಾ ಹಾಜರಿ ಹಾಕಿ ಪಾಠ ಮಾಡಿದರೂ ಸರಕಾರದ ಲೆಕ್ಕದಲ್ಲಿ ಆ ಟೀಚರ್ ಇಲ್ಲ. ಮಗಳಿಗೆ ಎಯ್ಡೆಡ್ ಕೆಲಸ ಸಿಕ್ಕಿತು ಅಂತ ಸಾಲ ಮಾಡಿ ಮನೆ ಕೆಲಸ ಶುರು ಮಾಡುವ ಬಾಪಂದಿರು ಮೊದಲು ಕೇಳಬೇಕಾದ್ದು ಇದನ್ನು: ಅಪ್ರೂವಲ್ ಆಗಿದೆಯಾ, ಪೆನ್ ಬಂದಿದೆಯಾ? ಬರೀ ಆರ್ಡರ್ ನಂಬಿ ಕಂತು ಕಟ್ಟಲು ಹೊರಡುವುದು ಅಪಾಯ.

ನಂಬರ್ ಮರೆತುಹೋದರೆ ಗಾಬರಿ ಬೇಡ. ಸಂಬಳದ ಸ್ಲಿಪ್ಪಿನಲ್ಲಿ ಅಚ್ಚಾಗಿರುತ್ತದೆ. ಸ್ಲಿಪ್ ಕೈಯಲ್ಲಿ ಇಲ್ಲದಿದ್ದರೆ ಹೆಡ್‌ಮಾಸ್ಟರ ಲಾಗಿನ್‌ನಲ್ಲಿ ಶಾಲೆಯ ಎಲ್ಲರ ಪಟ್ಟಿ ಸಿಗುತ್ತದೆ. ಆದರೆ ಪ್ರತಿಸಲ ಅವರನ್ನೇ ಕೇಳುತ್ತಾ ಕೂರುವುದಕ್ಕಿಂತ ಸ್ವಂತ ಲಾಗಿನ್ ಮಾಡಿಕೊಳ್ಳೋದು ಮೇಲು. ಸ್ಪಾರ್ಕ್‌ನಲ್ಲಿ ಯೂಸರ್ ನೇಮ್ ಅಂದರೆ ಪೆನ್ನೇ. ಒಮ್ಮೆ ಹೆಸರು ನೋಂದಾಯಿಸಿಕೊಂಡರೆ ಸ್ಲಿಪ್, ರಜೆ, ಸೇವಾ ವಿವರ ಎಲ್ಲ ಕಾಣುತ್ತದೆ. ಇದಕ್ಕೆ ಸ್ಪಾರ್ಕ್‌ನಲ್ಲಿರುವ ಮೊಬೈಲ್ ನಂಬರ್ ಚಾಲ್ತಿಯಲ್ಲಿರಬೇಕು. ಕೆಲಸಕ್ಕೆ ಸೇರುವಾಗ ಗಂಡನ ನಂಬರೋ ಅಣ್ಣನ ನಂಬರೋ ಕೊಟ್ಟು, ಆಮೇಲೆ ಆ ಸಿಮ್ ಗಲ್ಫಿಗೆ ಹೋಗಿ, ಇಲ್ಲಿ ಒಟಿಪಿಗೆ ಕಾಯುವ ಟೀಚರ್‌ಗಳಿದ್ದಾರೆ. ಸ್ವಂತ ನಂಬರನ್ನೇ ಕೊಡಿ. ಬದಲಿಸಬೇಕಿದ್ದರೆ ಶಾಲೆಯ ಕಚೇರಿಯಲ್ಲಿ ಕೇಳಿ.

ನಿಜವಾದ ತೊಂದರೆ ಇರೋದು ಹೆಸರಿನಲ್ಲಿ. ನಮ್ಮವರ ಹೆಸರುಗಳ ಅವಸ್ಥೆ ಗೊತ್ತೇ ಇದೆ. ಎಸ್ಸೆಸ್ಸೆಲ್ಸಿಯಲ್ಲಿ ಆಯಿಷತ್, ಆಧಾರ್‌ನಲ್ಲಿ ಆಯಿಶಾ, ಬ್ಯಾಂಕಿನಲ್ಲಿ ಗಂಡನ ಹೆಸರೂ ಸೇರಿಕೊಂಡಿರುತ್ತದೆ. ಒಂದು ಕಡೆ ಮುಹಮ್ಮದ್, ಇನ್ನೊಂದು ಕಡೆ ಮೊಹಮ್ಮದ್. ಇನಿಶಿಯಲ್ ಇಲ್ಲಿ ಹಿಂದೆ, ಮಂಗಳೂರಿನಲ್ಲಿ ಮಾಡಿದ ಬಿ.ಎಡ್. ಸರ್ಟಿಫಿಕೇಟಿನಲ್ಲಿ ಮುಂದೆ. ಕಾಲೇಜು ಮುಗಿಯುವ ತನಕ ಇದು ಯಾರಿಗೂ ಲೆಕ್ಕಕ್ಕೆ ಬರುವುದಿಲ್ಲ. ಪೆನ್ ಬಂದ ಮೇಲೆ ಬರುತ್ತದೆ, ಯಾಕೆಂದರೆ ಉಳಿದ ಕಡೆಗಳಲ್ಲೆಲ್ಲ ಟೀಚರನ್ನು ಗುರುತಿಸುವುದು ಈ ದಾಖಲೆಯಿಂದಲೇ.

ಮೆಡಿಸೆಪ್ ತೆಗೆದುಕೊಳ್ಳಿ. 2022 ಜುಲೈ 1ರಿಂದ ಶುರುವಾದ, ನೌಕರರು ಮತ್ತು ಪಿಂಚಣಿದಾರರ ಆರೋಗ್ಯ ವಿಮೆ ಇದು. ಆರಂಭದಲ್ಲಿ ತಿಂಗಳಿಗೆ 500 ರೂಪಾಯಿ ಸಂಬಳದಿಂದಲೇ ಹಿಡಿಯುತ್ತಿದ್ದರು. ಟೀಚರ್‌ನ ಪೆನ್ ಮತ್ತು ಜನ್ಮದಿನಾಂಕ ಹಾಕಿದರೆ ಮನೆಯ ಯಾರ್ಯಾರ ಹೆಸರು ಸೇರಿದೆ ಅಂತ ತೋರಿಸುತ್ತದೆ. ಮಗು ಹುಟ್ಟಿ ಹೆಸರು ಸೇರಿಸದೆ ಬಿಟ್ಟಿದ್ದರೆ, ಉಮ್ಮನ ಹೆಸರು ಆಧಾರ್‌ಗೆ ತಾಳೆಯಾಗದಿದ್ದರೆ, ಅದು ಗೊತ್ತಾಗೋದು ಆಸ್ಪತ್ರೆಯ ಕೌಂಟರಿನಲ್ಲಿ. ದುಡ್ಡು ಹಿಡಿದದ್ದು ಹೌದು, ಕಾರ್ಡು ಉಪಯೋಗಕ್ಕೆ ಬಾರದು. ಇವತ್ತೇ ಒಂದು ಸಲ ತೆಗೆದು ನೋಡಿದರೆ ಹತ್ತು ನಿಮಿಷದ ಕೆಲಸ.

ಪಿ.ಎಫ್. ಕೂಡ ಹಾಗೆಯೇ. ಎಯ್ಡೆಡ್ ಟೀಚರ್‌ಗಳ ಪಿ.ಎಫ್. ಖಾತೆ ನೋಡಲು 'ಗೈನ್ ಪಿಎಫ್' ಇದೆ, ಅಲ್ಲಿಯೂ ಪೆನ್ ಬೇಕು. 2013 ಏಪ್ರಿಲ್ 1ರ ನಂತರ ಸೇರಿದವರಿಗೆ ಹೊಸ ಪಿಂಚಣಿಯ 12 ಅಂಕಿಯ ಪ್ರಾನ್ ನಂಬರ್ ಬೇರೆ ಇರುತ್ತದೆ. ಎರಡರಲ್ಲೂ ಹೆಸರು ಒಂದೇ ರೀತಿ ಇದೆಯಾ, ನಾಮಿನಿಯಾಗಿ ಯಾರಿದ್ದಾರೆ ಅಂತ ನೋಡಿ. ಮದುವೆಗೆ ಮುಂಚೆ ಬರೆದ ನಾಮಿನಿಯನ್ನು ಬದಲಿಸಲು ಮರೆತು ಆಮೇಲೆ ಮನೆಯಲ್ಲಿ ಮನಸ್ತಾಪ ಆಗುವುದು ಬೇಡ. 'ಸಮಗ್ರ' ಪಾಠ ಸಾಮಗ್ರಿಯ ಲಾಗಿನ್, ಎಸ್ಸೆಸ್ಸೆಲ್ಸಿ ಪರೀಕ್ಷೆ ಡ್ಯೂಟಿ, ಚುನಾವಣೆ ಡ್ಯೂಟಿ ಇಲ್ಲೆಲ್ಲ ಕೂಡ ಇದೇ ನಂಬರ್.

ತಪ್ಪು ಕಂಡರೆ ಟೀಚರ್ ತಾನೇ ತಿದ್ದಲು ಆಗೋದಿಲ್ಲ. ಸರ್ವಿಸ್ ಬುಕ್ ನೋಡಿ ಪರಿಶೀಲಿಸಿದ ಮೇಲೆ ಸ್ಪಾರ್ಕ್‌ನ ವಿವರವನ್ನು ಲಾಕ್ ಮಾಡುತ್ತಾರೆ. ಟೈಪ್ ಮಾಡುವಾಗಿನ ತಪ್ಪಾದರೆ ಎಸ್ಸೆಸ್ಸೆಲ್ಸಿ ಪುಸ್ತಕದ ಪ್ರತಿ ಇಟ್ಟು ಹೆಡ್‌ಮಾಸ್ಟರಿಗೆ ಅರ್ಜಿ ಕೊಡಬೇಕು. ಹೆಸರನ್ನೇ ಬದಲಿಸುವುದಾದರೆ ಗಜೆಟ್ ಪ್ರಕಟಣೆ ಆಗಬೇಕು, ಸರ್ವಿಸ್ ಬುಕ್‌ನಲ್ಲಿ ಏರಬೇಕು, ಆಮೇಲೆ ಸ್ಪಾರ್ಕ್. ಆದ್ದರಿಂದ ಟೀಚರ್ ಆಗಬೇಕೆಂದು ಈಗ ಓದುತ್ತಿರುವ ಹುಡುಗಿಯರು ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ಕನ್ನು ಎಸ್ಸೆಸ್ಸೆಲ್ಸಿ ಹೆಸರಿಗೆ ಸರಿಮಾಡಿಟ್ಟುಕೊಳ್ಳುವುದು ಒಳ್ಳೆಯದು. ಆಧಾರ್ ತಿದ್ದುವುದು ಸುಲಭ, ಎಸ್ಸೆಸ್ಸೆಲ್ಸಿ ತಿದ್ದುವುದು ಹರಸಾಹಸ.

ಕೊನೆಗೆ ಜಾಮೀನಿನ ವಿಷಯ. ಕುಟುಂಬದಲ್ಲಿ ಒಬ್ಬ ಟೀಚರ್ ಇದ್ದರೆ ಕೆಎಸ್ಎಫ್ಇ ಚಿಟ್ಟಿ ಹಿಡಿದವರೆಲ್ಲ ಸ್ಯಾಲರಿ ಸರ್ಟಿಫಿಕೇಟ್ ಕೇಳಿಕೊಂಡು ಬರುತ್ತಾರೆ. ವ್ಯಾಪಾರಿಗಳಂತೂ ಹೆಚ್ಚು. ಇದು ಬರೀ ಒಂದು ಕಾಗದ ಅಲ್ಲ. ಚಿಟ್ಟಿ ಹಿಡಿದವನು ಕಂತು ತಪ್ಪಿಸಿದರೆ ವಸೂಲಿ ಮಾಡುವುದು ಜಾಮೀನು ಕೊಟ್ಟವರ ಸಂಬಳದಿಂದ. ಕೊಡಬಾರದು ಅಂತಲ್ಲ, ಯಾರಿಗೆ ಎಷ್ಟಕ್ಕೆ ಕೊಟ್ಟದ್ದು ಅಂತ ಬರೆದಿಟ್ಟುಕೊಂಡು, ಚಿಟ್ಟಿ ಮುಗಿದ ಮೇಲೆ ಜಾಮೀನು ಬಿಡುಗಡೆಯಾಗಿದೆಯಾ ಅಂತ ವಿಚಾರಿಸಿ. ಪೆನ್ ಬೇರೆಯವರಿಗೆ ಗೊತ್ತಾದರೆ ದೊಡ್ಡ ಅಪಾಯವಿಲ್ಲ. ಪಾಸ್‌ವರ್ಡನ್ನು ಜೆರಾಕ್ಸ್ ಅಂಗಡಿಯ ಹುಡುಗನ ಚೀಟಿಯಲ್ಲಿ ಬರೆದಿಟ್ಟು ಬಂದಿದ್ದರೆ ಮಾತ್ರ ಅದನ್ನು ಇವತ್ತೇ ಬದಲಿಸಿ.