ಬೀರುವಿನಲ್ಲಿದ್ದ ಟಾರ್ಚು ಮೊಳೆಗೆ ಬಂತು

ನಮ್ಮ ಮನೆ ತೀರ್ಥಹಳ್ಳಿ ಪೇಟೆಯ ಅಂಚಿನಲ್ಲಿದೆ. ಹೆಂಚಿನ ಮನೆ. ಹಿಂದೆ ಬಚ್ಚಲು, ಅದರ ಪಕ್ಕ ಕೊಟ್ಟಿಗೆ, ಆಚೆಗೆ ಸ್ವಲ್ಪ ಅಡಿಕೆ ತೋಟ. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಕರೆಂಟು ಹೋಗುವುದಕ್ಕೆ ಹೊತ್ತುಗೊತ್ತಿಲ್ಲ. ಎಲ್ಲೋ ಒಂದು ಮರ ತಂತಿಯ ಮೇಲೆ ಬಿದ್ದರೆ ಮುಗಿಯಿತು, ಎರಡು ದಿನ ಕತ್ತಲೆಯೇ ಗತಿ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಎರಡು ವರ್ಷದ ಹಿಂದೆ ದೀಪಾವಳಿಗೆ ಬಂದಾಗ ಅವನ ಅಪ್ಪನಿಗೆಂದು ಒಂದು ದೊಡ್ಡ ಟಾರ್ಚು ತಂದ. ಕೈಯಲ್ಲಿ ಹಿಡಿದರೆ ಕುಟ್ಟಾಣಿಯಷ್ಟು ಭಾರ. ಬೆಲೆ ಕೇಳಿ ನನಗೆ ಎದೆ ಧಸಕ್ಕೆಂದಿತು. "ಈ ದುಡ್ಡಿಗೆ ಒಂದು ಒಳ್ಳೆ ಕುಕ್ಕರು ಬರ್ತಿತ್ತಲ್ಲೋ!" ಅಂದೆ. ಅವನು ನಕ್ಕು, ಅಂಗಳಕ್ಕೆ ಕರೆದುಕೊಂಡು ಹೋಗಿ ಗುಂಡಿ ಒತ್ತಿದ. ತೋಟದ ಆ ಕಡೆಯ ಬೇಲಿ, ಅಡಿಕೆ ಮರದ ತುದಿಯ ಗೊನೆ ಎಲ್ಲವೂ ಹಗಲಿನ ಹಾಗೆ ಕಂಡವು.

ಆಮೇಲೆ ಏನಾಯಿತು ಗೊತ್ತೇ? ನಮ್ಮ ಮನೆಯವರು ಅದನ್ನು ಮತ್ತೆ ಡಬ್ಬಿಗೆ ಹಾಕಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು. "ಕಂಡಕಂಡವರ ಕೈಗೆ ಸಿಕ್ಕರೆ ಹಾಳಾಗುತ್ತೆ" ಅಂದರು. ಕಂಡಕಂಡವರು ಎಂದರೆ ಮನೆಯಲ್ಲಿ ನಾನು ಮತ್ತು ನಮ್ಮತ್ತೆ, ಇಬ್ಬರೇ! ನನಗೆ ಮೊಬೈಲಿನ ಬೆಳಕು, ಅತ್ತೆಗೆ ಅವರ ಹಳೆಯ ಚಿಮಣಿ ಬುಡ್ಡಿ. ನನಗೂ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ, ನಿಜ ಹೇಳಬೇಕಲ್ಲ.

ಆಷಾಢದ ಆ ರಾತ್ರಿ

ಕಳೆದ ವರ್ಷ ಆಷಾಢ. ಕರೆಂಟು ಹೋಗಿ ಎರಡನೆಯ ದಿನ. ನಮ್ಮತ್ತೆಗೆ 76 ವರ್ಷ. ರಾತ್ರಿ ಎರಡು ಸಲವಾದರೂ ಏಳುತ್ತಾರೆ. ಅವರ ಕೋಲಿನ ಸದ್ದು ಕೇಳಿ ನಾನೂ ಎದ್ದೆ. ಮೊಬೈಲಿನ ಬೆಳಕು ಹಿಡಿದು ಬಚ್ಚಲ ಕಡೆ ನಡೆದೆವು. ಇನ್ನೇನು ಬಾಗಿಲು ಬಂತು ಅನ್ನುವಾಗ ಚಾರ್ಜು ಮುಗಿದು ಮೊಬೈಲು ಸತ್ತುಹೋಯಿತು.

"ಅತ್ತೆ, ಅಲ್ಲೇ ನಿಲ್ಲಿ. ಒಂದು ಹೆಜ್ಜೆಯೂ ಇಡಬೇಡಿ" ಅಂದೆ.

"ಐವತ್ತು ವರ್ಷದಿಂದ ನಡೆದ ದಾರಿ. ಇದಕ್ಕೆ ಬೆಳಕು ಯಾಕೆ ಮಾರಾಯ್ತಿ?" ಅಂತ ಗೊಣಗಿದರು.

ನನಗೆ ಏನು ಅನ್ನಿಸಿತೋ ಕಾಣೆ, ತಡವರಿಸಿಕೊಂಡು ಒಳಗೆ ಹೋಗಿ, ಯಜಮಾನರ ದಿಂಬಿನ ಕೆಳಗಿಂದ ಕೀಲಿಕೈ ಎಳೆದು ಬೀರು ತೆಗೆದೆ. ಅವರು ಎಚ್ಚರವಾಗಿ, "ಅದನ್ನ ಯಾಕೆ ತೆಗೆದೆ?" ಅನ್ನುವುದರಲ್ಲಿ ನಾನು ಹಿತ್ತಿಲ ಬಾಗಿಲಲ್ಲಿದ್ದೆ. ಗುಂಡಿ ಒತ್ತಿದೆ.

ಬಚ್ಚಲ ಹೊಸ್ತಿಲಲ್ಲಿ ಕಾಲೊರೆಸಲು ಹಾಕಿದ್ದ ಗೋಣಿತಾಟು. ಅದರ ಅಂಚಿನಲ್ಲಿ ಕಪ್ಪಗೆ ಮಿರಿಮಿರಿ ಮಿಂಚುವ ಮೈ, ಅದರ ಮೇಲೆ ಬಿಳಿ ಪಟ್ಟೆ. ಕಟ್ಟುಹಾವು! ಕೆಲವು ಕಡೆ ಇದನ್ನೇ ಕಡಂಬಳ ಅನ್ನುತ್ತಾರೆ. ಅತ್ತೆಯ ಬರಿಗಾಲು ಅದರಿಂದ ಒಂದೂವರೆ ಮೊಳ ದೂರದಲ್ಲಿತ್ತು. ಅವರು ನನ್ನ ಮಾತು ಕೇಳದೆ ಒಂದು ಹೆಜ್ಜೆ ಮುಂದೆ ಬಂದಿದ್ದರು.

ಅತ್ತೆಯ ರಟ್ಟೆ ಹಿಡಿದು ಹಿಂದಕ್ಕೆ ಎಳೆದುಕೊಂಡೆ. ಹಾವು ನಿಧಾನವಾಗಿ ಬಚ್ಚಲ ನೀರು ಹೋಗುವ ಕಿಂಡಿಯಲ್ಲಿ ಇಳಿದು ಹೋಯಿತು. ಹಿಂದೆ ಬಂದು ನಿಂತಿದ್ದ ನಮ್ಮ ಮನೆಯವರಿಗೆ ಮಾತೇ ಹೊರಡಲಿಲ್ಲ.

ಬೆಳಿಗ್ಗೆ ಕಾಫಿ ಕುಡಿಯುತ್ತಾ ಅತ್ತೆ ಮಗನಿಗೆ ಹೇಳಿದರು: "ತೋಟಕ್ಕೆ ನೀನು ರಾತ್ರಿ ಹೋಗೋದು ಎಂದೋ ಒಂದು ದಿನ. ರಾತ್ರಿ ಏಳೋರು ನಾವು, ದಿನಾ." ಅವರು ತುಟಿ ಬಿಚ್ಚಲಿಲ್ಲ. ಸುತ್ತಿಗೆ ತಂದು ಹಿತ್ತಿಲ ಬಾಗಿಲ ಪಕ್ಕ, ನನ್ನ ಕೈಗೆಟಕುವ ಎತ್ತರದಲ್ಲಿ ಒಂದು ಮೊಳೆ ಹೊಡೆದರು. ಸಂಜೆಗೆ ಕಿಂಡಿಗೆ ಜಾಲರಿಯೂ ಬಂತು.

ಅಂದಿನಿಂದ ನನಗೆ ಒಂದು ವಿಷಯ ಹೊಳೆದಿದೆ. ಮಗು ಅತ್ತರೆ, ಹಿರಿಯರು ಕೆಮ್ಮಿದರೆ, ಹಸು ಕೂಗಿದರೆ, ಹೆಂಚು ಸೋರಿದರೆ ರಾತ್ರಿ ಏಳುವವರು ಯಾರು? ನಾವೇ ಅಲ್ಲವೇ? ಹಾಗಿದ್ದ ಮೇಲೆ ಮನೆಯ ಅತಿ ಒಳ್ಳೆಯ ಬೆಳಕು ನಮ್ಮ ಕೈಗೆ ಸಿಗುವಲ್ಲೇ ಇರಬೇಕು. ಮೊಳೆಗೆ ಬಂದ ಮೇಲೆ ಈ ಟಾರ್ಚು ನನಗೆ ಎಷ್ಟೊಂದು ಕೆಲಸಕ್ಕೆ ಒದಗಿತು ಅಂತ ಹೇಳುತ್ತೇನೆ ಕೇಳಿ.

ರಾತ್ರಿಯ ನಡಿಗೆಗೆ

ಟಾರ್ಚನ್ನು ದೂರಕ್ಕೆ ಹಿಡಿಯಬೇಡಿ. ಎರಡು ಹೆಜ್ಜೆ ಮುಂದಿನ ನೆಲದ ಮೇಲೆ ಬೆಳಕು ಬೀಳಲಿ. ಕಾಲಿಗೆ ಚಪ್ಪಲಿ ಇರಲಿ. ಸೌದೆ, ಗೋಣಿತಾಟು, ತೆಂಗಿನ ಗರಿಯ ರಾಶಿಗೆ ಕೈ ಹಾಕುವ ಮುಂಚೆ ಒಮ್ಮೆ ಬೆಳಕು ಬಿಟ್ಟು ನೋಡಿ. ಕಟ್ಟುಹಾವು ಹಗಲೆಲ್ಲ ಸಂದಿಯಲ್ಲಿದ್ದು ರಾತ್ರಿ ಓಡಾಡುವಂಥದು. ಅದು ಕಡಿದರೆ ಎಷ್ಟೋ ಸಲ ನೋವೂ ಇರುವುದಿಲ್ಲ, ಬಾವೂ ಬರುವುದಿಲ್ಲ. ಆದ್ದರಿಂದ ಅನುಮಾನ ಬಂದರೂ ಸಾಕು, ಕೂಡಲೇ ಆಸ್ಪತ್ರೆಗೆ ಹೊರಡಬೇಕು. ಕೊಯ್ಯುವುದು, ಚೀಪುವುದು, ಬಿಗಿದು ಕಟ್ಟುವುದು ಯಾವುದೂ ಬೇಡ. ಕಡಿದ ಕೈಯೋ ಕಾಲೋ ಅಲ್ಲಾಡದಂತೆ ನೋಡಿಕೊಳ್ಳಿ. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಆಗುವ ಒಂದೇ ಚುಚ್ಚುಮದ್ದು ಇದೆ. ನಿಮ್ಮೂರಿಗೆ ಹತ್ತಿರ ಯಾವ ಆಸ್ಪತ್ರೆಯಲ್ಲಿ ಅದು ಸಿಗುತ್ತದೆ ಎಂದು ಈಗಲೇ ವಿಚಾರಿಸಿ ಇಟ್ಟುಕೊಳ್ಳಿ.

ಇಡೀ ಕೋಣೆಗೆ ಬೆಳಕು

ಕರೆಂಟು ಹೋದಾಗ ಟಾರ್ಚನ್ನು ನೆಟ್ಟಗೆ ನಿಲ್ಲಿಸಿ, ಬೆಳಕು ಬಿಳಿ ತಾರಸಿಯ ಮೇಲೆ ಬೀಳುವಂತೆ ಮಾಡಿ. ಬೆಳಕು ಹರಡಿ ಕೋಣೆಯೆಲ್ಲ ಕಾಣುತ್ತದೆ. ನಮ್ಮ ಹಾಗೆ ಹೆಂಚಿನ ಮನೆಯಾದರೆ ಸುಣ್ಣ ಹೊಡೆದ ಗೋಡೆಯ ಕಡೆ ತಿರುಗಿಸಿದರಾಯಿತು. ಒಲೆಯ ಮುಂದೆ ನಿಂತಾಗ ನಮ್ಮ ನೆರಳೇ ನಮಗೆ ಅಡ್ಡವಾಗುವುದಿಲ್ಲ.

ಒಡೆದ ಗಾಜು, ಬಿದ್ದ ಮೂಗುತಿ

ಗಾಜಿನ ಲೋಟ ಒಡೆಯಿತೆಂದುಕೊಳ್ಳಿ. ಗುಡಿಸಿದ ಮೇಲೆ ದೀಪ ಆರಿಸಿ, ಟಾರ್ಚನ್ನು ನೆಲದ ಮೇಲೆ ಅಡ್ಡ ಮಲಗಿಸಿ ಹಚ್ಚಿ. ಸಾಸಿವೆಯಷ್ಟು ಚೂರು ಉಳಿದಿದ್ದರೂ ಪಳಪಳ ಹೊಳೆಯುತ್ತದೆ, ಇಲ್ಲವೇ ಉದ್ದ ನೆರಳು ಚಾಚುತ್ತದೆ. ಕಳೆದ ನವರಾತ್ರಿಯಲ್ಲಿ ಪಕ್ಕದ ಮನೆಯವರ ಮೂಗುತಿಯ ತಿರುಪು ಸಿಕ್ಕಿದ್ದು ಇದೇ ಉಪಾಯದಿಂದ.

ನೀರು, ಹೆಂಚು, ರೇಷ್ಮೆ ಸೀರೆ

ನೀರು ತುಂಬಿಟ್ಟ ಡ್ರಮ್ಮಿನೊಳಗೆ ಬೆಳಕು ಬಿಡಿ. ಸೊಳ್ಳೆಯ ಮರಿಹುಳುಗಳಿದ್ದರೆ ಕುಲುಕುತ್ತಾ ಓಡಾಡುವುದು ಚೆನ್ನಾಗಿ ಕಾಣುತ್ತದೆ. ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಇಂಥ ಕಟ್ಟಿಟ್ಟ ನೀರಿನಲ್ಲೇ. ವಾರಕ್ಕೊಮ್ಮೆ ಡ್ರಮ್ಮು ಖಾಲಿ ಮಾಡಿ, ಒಳಗೋಡೆ ಉಜ್ಜಿ ತೊಳೆದು, ಮುಚ್ಚಿಡಿ. ಬಾವಿ, ಸಂಪುಗಳನ್ನೂ ಹೀಗೇ ಇಣುಕಿ ನೋಡಬಹುದು.

ಮಳೆಗಾಲಕ್ಕೆ ಮುಂಚೆ ಒಂದು ರಾತ್ರಿ ಮಕ್ಕಳನ್ನು ಅಟ್ಟಕ್ಕೆ ಹತ್ತಿಸಿ, ಹೆಂಚಿಗೆ ಒಳಗಿನಿಂದ ಟಾರ್ಚು ಬಿಡಲು ಹೇಳಿ. ನೀವು ಅಂಗಳದಲ್ಲಿ ನಿಂತು ನೋಡಿ. ಒಡೆದ ಹೆಂಚಿನ ಜಾಗದಲ್ಲಿ ಬೆಳಕು ಹೊರಗೆ ಇಣುಕುತ್ತದೆ. ಎಷ್ಟನೇ ಸಾಲು ಎಂದು ಗುರುತು ಮಾಡಿಕೊಂಡರೆ ಹೆಂಚು ಹೊದಿಸುವವರ ಕೆಲಸವೂ ಹಗುರ.

ರೇಷ್ಮೆ ಸೀರೆಯ ಮಡಿಕೆ ಬದಲಿಸುವಾಗ ಒಂದು ಪದರ ಬಿಡಿಸಿ, ಹಿಂದಿನಿಂದ ಬೆಳಕು ಹಿಡಿಯಿರಿ. ಹುಳು ತಿಂದ ತೂತು, ಮಡಿಕೆಯಲ್ಲಿ ಸವೆದ ಗೆರೆ ಗೊತ್ತಾಗುತ್ತದೆ. ಚಿಕ್ಕದಿರುವಾಗಲೇ ರಫು ಮಾಡಿಸಿಬಿಡಬಹುದು.

ದಾರಿ ತೋರಿಸಲು

ರಾತ್ರಿ ಡಾಕ್ಟರೋ ಆಂಬುಲೆನ್ಸೋ ಬರಬೇಕಾದಾಗ ಒಬ್ಬರು ಗೇಟಿನ ಬಳಿ ಟಾರ್ಚು ಹಿಡಿದು ನಿಲ್ಲಿ. ಬೆಳಕನ್ನು ನೆಲದ ಮೇಲೆ ಆಡಿಸಿ. ಡ್ರೈವರ್ ಕಣ್ಣಿಗೆ ಮಾತ್ರ ಬಿಡಬೇಡಿ, ಅವರಿಗೆ ರಸ್ತೆಯೇ ಕಾಣದಂತಾಗುತ್ತದೆ.

ಕೊಳ್ಳುವಾಗ ಮತ್ತು ಕಾಪಾಡುವಾಗ

ಹಿಂದೆ ನಮ್ಮ ತವರಿನಲ್ಲಿ ಮೂರು ಸೆಲ್ಲಿನ ಹಿತ್ತಾಳೆ ಟಾರ್ಚು ಇತ್ತು. ಒಂದೊಂದು ಸೆಲ್ಲು 1.5 ವೋಲ್ಟ್, ಮೂರೂ ಸೇರಿ 4.5. ಮಳೆಗಾಲ ಮುಗಿಯುವುದರಲ್ಲಿ ಸೆಲ್ಲು ಒಸರಿ ಟಾರ್ಚೇ ಕೆಡುತ್ತಿತ್ತು. ಈಗಿನವು ಎಲ್.ಇ.ಡಿ.ಯವು, ಚಾರ್ಜು ಮಾಡುವಂಥವು. ಬೆಳಕನ್ನು ಲ್ಯೂಮೆನ್ ಲೆಕ್ಕದಲ್ಲಿ ಹೇಳುತ್ತಾರೆ. ಹಳೆಯ 60 ವ್ಯಾಟಿನ ಬಲ್ಬು ಸುಮಾರು 800 ಲ್ಯೂಮೆನ್ ಬೆಳಕು ಕೊಡುತ್ತಿತ್ತು, ಇದು ನೆನಪಿದ್ದರೆ ಅಂದಾಜು ಸಿಗುತ್ತದೆ. ಅಗ್ಗದ ಟಾರ್ಚಿನ ಡಬ್ಬಿಯ ಮೇಲೆ ಲಕ್ಷಗಟ್ಟಲೆ ಬರೆದಿದ್ದರೆ ನಂಬಬೇಡಿ. ಡಬ್ಬಿಯ ಮೇಲೆ ಐ.ಪಿ.ಎಕ್ಸ್. 4 ಎಂದಿದ್ದರೆ ನೀರು ಎರಚಿದರೂ ತಡೆಯುತ್ತದೆ. ಐ.ಪಿ.ಎಕ್ಸ್. 7 ಎಂದಿದ್ದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ತಾಳುತ್ತದೆ.

ಮನೆಯೊಳಗೆ ಕಡಿಮೆ ಬೆಳಕೇ ಸಾಕು, ಚಾರ್ಜೂ ಬಹಳ ಹೊತ್ತು ಬರುತ್ತದೆ. ಪೂರ್ತಿ ಬೆಳಕಿನಲ್ಲಿ ದೊಡ್ಡ ಟಾರ್ಚು ಚೆನ್ನಾಗಿ ಬಿಸಿಯಾಗುತ್ತದೆ. ಹಚ್ಚಿದ ಟಾರ್ಚನ್ನು ಹಾಸಿಗೆಯ ಮೇಲೆ ಮಗುಚಿ ಹಾಕಿದರೆ, ಚೀಲದೊಳಗೆ ಇಟ್ಟರೆ ಬಟ್ಟೆ ಸುಡಬಹುದು. ಯಾರ ಕಣ್ಣಿಗೂ ಹಿಡಿಯಬಾರದು, ಮಕ್ಕಳ ಆಟಕ್ಕಂತೂ ಬೇಡವೇ ಬೇಡ. ಚಾರ್ಜು ಪೂರ್ತಿ ಇಳಿಯಲು ಬಿಡಬೇಡಿ. ನಾನು ಪ್ರತಿ ಹುಣ್ಣಿಮೆಗೆ ಚಾರ್ಜಿಗೆ ಹಾಕುತ್ತೇನೆ, ಮರೆಯುವ ಮಾತೇ ಇಲ್ಲ. ಬ್ಯಾಟರಿ ಊದಿಕೊಂಡಿದ್ದರೆ ಮತ್ತೆ ಬಳಸಬೇಡಿ. ಹಳೆಯದನ್ನು ಒಲೆಗಾಗಲಿ, ಕಸದ ಬುಟ್ಟಿಗಾಗಲಿ ಹಾಕಬೇಡಿ.

ಇನ್ನೊಂದು ಮುಖ್ಯ ವಿಷಯ. ರಾತ್ರಿ ಗ್ಯಾಸಿನ ವಾಸನೆ ಬಂದರೆ ಮಾತ್ರ ಟಾರ್ಚಿಗೂ ಕೈ ಹಾಕಬೇಡಿ, ದೀಪದ ಸ್ವಿಚ್ಚಿಗೂ ಬೇಡ. ಸಣ್ಣ ಕಿಡಿಯೂ ಸಾಕು ಅನಾಹುತಕ್ಕೆ. ಕತ್ತಲಲ್ಲೇ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಎಲ್ಲರನ್ನೂ ಹೊರಗೆ ಕರೆತನ್ನಿ. ಆಚೆ ಬಂದು 1906ಕ್ಕೆ ಫೋನು ಮಾಡಿ.

ನಿಮ್ಮ ಮನೆಯಲ್ಲಿ ಇಷ್ಟು ಬೆಲೆಯ ಟಾರ್ಚೇ ಬೇಕೆಂದಿಲ್ಲ. ಇರುವುದು ಯಾವುದೇ ಆಗಲಿ, ಅದಕ್ಕೊಂದು ಮೊಳೆ ಇರಲಿ. ಇವತ್ತು ರಾತ್ರಿ ದೀಪ ಆರಿಸಿದ ಮೇಲೆ ಒಮ್ಮೆ ಎದ್ದು, ಹಾಸಿಗೆಯಿಂದ ಬೆಳಕಿಗೆ ಎಷ್ಟು ಹೆಜ್ಜೆ ಅಂತ ಎಣಿಸಿ ನೋಡಿ.

ಮೊನ್ನೆ ಸಂಜೆ ನಮ್ಮ ಮನೆಯವರು ಅಡಿಗೆಮನೆಗೆ ಬಂದು, "ಟಾರ್ಚು ತಗೊಂಡು ಹೋಗ್ಲಾ? ತೋಟದಲ್ಲಿ ಏನೋ ಸದ್ದಾಯ್ತು" ಅಂದರು. "ತಗೊಂಡು ಹೋಗಿ, ತಂದು ಮೊಳೆಗೇ ಹಾಕಿ" ಅಂದೆ. ಒಳಗೆ ಬತ್ತಿ ಹೊಸೆಯುತ್ತಿದ್ದ ಅತ್ತೆ ನಕ್ಕದ್ದು ಕೇಳಿಸಿತು.