ಬಸ್ಸಿನ ಹೊಟ್ಟೆಯಲ್ಲಿ ಕರೆಂಟು: ಸಂಜೆ ಏಳರ ಕಾಯಿಲೆಗೆ ಮದ್ದಾದೀತೇ?

ಶಿಕಾರಿಪುರವಿರಲಿ, ಸೊರಬವಿರಲಿ, ಸಂಜೆ ಏಳಾಯಿತೆಂದರೆ ಅಂಗಡಿ ದೀಪ, ಮನೆಯ ಮಿಕ್ಸಿ, ಟಿ.ವಿ. ಎಲ್ಲವೂ ಒಟ್ಟಿಗೇ ಶುರು. ಸೂರ್ಯ ಮಾತ್ರ ಅಷ್ಟರಲ್ಲಿ ಮುಳುಗಿರುತ್ತಾನೆ. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕು ಮಧ್ಯಾಹ್ನ ಎಷ್ಟೇ ಸುರಿದರೂ ಆ ಹೊತ್ತಿಗೆ ಸೊನ್ನೆ. ಆಗ ಕೈಹಿಡಿಯುವವಳು ನಮ್ಮ ಶರಾವತಿ. ಲಿಂಗನಮಕ್ಕಿಯಲ್ಲಿ ಕೂಡಿಟ್ಟ ನೀರು ಬಿಟ್ಟು, 1,035 ಮೆಗಾವ್ಯಾಟಿನ ವಿದ್ಯುದಾಗಾರ ರಾಜ್ಯದ ತಕ್ಕಡಿ ಸರಿದೂಗಿಸುತ್ತದೆ.

ತಕ್ಕಡಿಯ ವಿಷಯ ವ್ಯಾಪಾರಸ್ಥರಿಗೆ ಹೇಳಬೇಕೇ? ಒಂದು ತಟ್ಟೆಯಲ್ಲಿ ಉತ್ಪಾದನೆ, ಇನ್ನೊಂದರಲ್ಲಿ ಬಳಕೆ. ಮುಳ್ಳು 50 ಹರ್ಟ್ಸ್ ಆಸುಪಾಸಿನಲ್ಲೇ ನಿಲ್ಲಬೇಕು. ಮಿತಿಮೀರಿ ಎಳೆದರೆ ಏನಾಗುತ್ತದೆಂದು 2012ರ ಜುಲೈ 30, 31ರಂದು ಉತ್ತರ ಭಾರತ ಕತ್ತಲಲ್ಲಿ ಕೂತು ನೋಡಿದೆ.

ಈಗ ಬ್ಯಾಟರಿ ಬಸ್ಸಿನ ಲೆಕ್ಕ ನೋಡಿ. ದೊಡ್ಡ ಬಸ್ಸಿನ ಬ್ಯಾಟರಿಯಲ್ಲಿ ಸುಮಾರು 300 ಯೂನಿಟ್ ಹಿಡಿಯುತ್ತದೆ. ಐದರಲ್ಲೊಂದು ಪಾಲು, ಅಂದರೆ 60 ಯೂನಿಟ್, ವಾಪಸ್ ಲೈನಿಗೆ ಕೊಟ್ಟರೆ ಗಂಟೆಗೆ ಅರ್ಧ ಯೂನಿಟ್ ಉರಿಸುವ 60 ಅಂಗಡಿಗಳಿಗೆ ಎರಡು ಗಂಟೆ ಬೆಳಕು. ಅಮೆರಿಕದ ಓಕ್ಲಂಡ್ ಊರಿನಲ್ಲಿ 2024ರಿಂದ 74 ಶಾಲಾ ಬಸ್ಸುಗಳನ್ನು ಇದೇ ಕೆಲಸಕ್ಕೆ ಹಚ್ಚಿದ್ದಾರೆ.

‘ಹಂಗಾದ್ರೆ ಸಂಜೆ ನಾವು ಊರಿಗೆ ಹೋಗೋದು ಬ್ಯಾಡ್ವಾ?’ ಎಂದು ಶಿರಾಳಕೊಪ್ಪ, ಆನವಟ್ಟಿ ಕಡೆಯ ಪ್ರಯಾಣಿಕರು ಕೇಳಿಯಾರು. ನ್ಯಾಯವಾದ ಪ್ರಶ್ನೆ. ಶಾಲಾ ಬಸ್ಸು ಸಂಜೆ ಸುಮ್ಮನೆ ನಿಂತಿರುತ್ತದೆ, ಲೈನ್ ಬಸ್ಸು ಜನ ತುಂಬಿಕೊಂಡು ಓಡುತ್ತಿರುತ್ತದೆ. ಆದ್ದರಿಂದ ನಮ್ಮಲ್ಲಿ ಕೊಡುವುದಕ್ಕಿಂತ ಮೊದಲು ತುಂಬುವ ಹೊತ್ತು ಸರಿಯಾಗಬೇಕು.

ಐವತ್ತು ಬ್ಯಾಟರಿ ಆಟೋಗಳು ದುಡಿಮೆ ಮುಗಿಸಿ ಏಳಕ್ಕೇ ಪ್ಲಗ್ ಚುಚ್ಚಿ, ತಲಾ 2 ಕಿಲೋವ್ಯಾಟ್ ಎಳೆದರೆ ಒಟ್ಟು 100 ಕಿಲೋವ್ಯಾಟ್. ಬೀದಿ ಮೂಲೆಯ 100 ಕೆವಿಎ ಟ್ರಾನ್ಸ್‌ಫಾರ್ಮರಿನ ಪೂರ್ತಿ ಹೊರೆ ಅಷ್ಟಕ್ಕೇ ಆಯಿತು! ಅಂಗಡಿ ಫ್ರಿಜ್ಜಿನ ಗತಿ? ಅದೇ ಆಟೋ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಇಲ್ಲವೇ ನಡುರಾತ್ರಿ ತುಂಬಿಸಿಕೊಂಡರೆ ಯಾರಿಗೂ ತೊಂದರೆಯಿಲ್ಲ.

ಪುಕ್ಕಟೆ ಉಪದೇಶಕ್ಕೆ ಯಾರೂ ಹೊತ್ತು ಬದಲಿಸುವುದಿಲ್ಲ. ಮಧ್ಯಾಹ್ನ ಅಗ್ಗದ ದರ, ಬಸ್ ನಿಲ್ದಾಣದ ಬಳಿ ಚಾರ್ಜಿಂಗ್ ಜಾಗ, ಮುಂದೆ ಕರೆಂಟು ವಾಪಸ್ ಕೊಡುವವರಿಗೆ ಎರಡೂ ಕಡೆ ಓಡುವ ಮೀಟರು, ಬ್ಯಾಟರಿ ಸವೆತಕ್ಕೆ ತಕ್ಕ ದುಡ್ಡು, ಇಷ್ಟು ಬೇಕು.

ಇದೇ ಸಂಜೆಯ ಕೊರತೆ ನೀಗಿಸಲೆಂದು ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ ಮುಂದಿಟ್ಟಿದ್ದಾರೆ. ಕಾಡು ಹೋಗುತ್ತದೆಂದು ವಿರೋಧವೂ ಎದ್ದಿದೆ. ಕರೆಂಟಿಗಾಗಿ ಊರು, ಗದ್ದೆ ಮುಳುಗಿಸಿಕೊಂಡ ಜಿಲ್ಲೆಯಿದು. ನಿಂತ ಬಸ್ಸು, ಆಟೋಗಳಿಂದ ಆಗುವಷ್ಟಾದರೂ ಆಗಲಿ ಎನ್ನುವುದು ತಪ್ಪೇ? ಮೆಸ್ಕಾಂನವರು, ವಾಹನ ಮಾಲೀಕರು ಒಟ್ಟಿಗೆ ಕೂತು ಯೋಚಿಸಲಿ.