ಫ್ಯಾಕ್ಟ್ ಚೆಕ್: ವಾಯುಮಾಲಿನ್ಯದಿಂದ ಮೂಳೆಗಳು ದುರ್ಬಲವಾಗುತ್ತವೆಯೇ?

ಸಾರಾಂಶ

ಹೊಗೆ, ದೂಳು ಶ್ವಾಸಕೋಶಕ್ಕೆ ಕೆಟ್ಟದ್ದು ಎಂಬುದು ಎಲ್ಲರಿಗೂ ಗೊತ್ತು. ಅದು ಮೂಳೆಗೂ ಹಾನಿ ಮಾಡುತ್ತದೆಯೇ? ಎರಡಕ್ಕೂ ನಂಟಿದೆ ಎಂದು ದೊಡ್ಡ ಅಧ್ಯಯನಗಳು ತೋರಿಸಿವೆ. ಆದರೆ ಮಾಲಿನ್ಯವೊಂದೇ ಕಾರಣವಲ್ಲ. ಹಾಗಾಗಿ ಈ ಹೇಳಿಕೆ ಬಹುತೇಕ ನಿಜ.

ಅಧ್ಯಯನಗಳು ಏನು ಹೇಳುತ್ತವೆ?

ಹೈದರಾಬಾದ್ ಹೊರವಲಯದ 28 ಹಳ್ಳಿಗಳಲ್ಲಿ ಸುಮಾರು 3,700 ಜನರ ಮೂಳೆಗಳನ್ನು ಸಂಶೋಧಕರು ಪರೀಕ್ಷಿಸಿದರು. ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಗಾಳಿಯಲ್ಲಿ ಪಿಎಂ 2.5 ಎಂಬ ಸೂಕ್ಷ್ಮ ಕಣಗಳು ಹೆಚ್ಚಿದ್ದ ಕಡೆ ವಾಸಿಸುವವರ ಬೆನ್ನುಮೂಳೆ ಮತ್ತು ಸೊಂಟದ ಮೂಳೆಯಲ್ಲಿ ಖನಿಜಾಂಶ ಕಡಿಮೆ ಇತ್ತು. ಇವರ ಸರಾಸರಿ ವಯಸ್ಸು ಕೇವಲ 36!

ಗಮನಿಸಿ, ಅಲ್ಲಿನ ಸರಾಸರಿ ಪಿಎಂ 2.5 ಪ್ರತಿ ಘನ ಮೀಟರ್‌ಗೆ ಸುಮಾರು 33 ಮೈಕ್ರೋಗ್ರಾಂ. ನಮ್ಮ ದೇಶದ ವಾರ್ಷಿಕ ಮಿತಿಯೇ 40. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಮಾತ್ರ 5. ಅಂದರೆ ಸರ್ಕಾರಿ ಮಿತಿಯೊಳಗಿದ್ದ ಗಾಳಿಯಲ್ಲೂ ಈ ನಂಟು ಕಂಡುಬಂದಿದೆ.

ಅಮೆರಿಕದಲ್ಲಿ ಮುಟ್ಟು ನಿಂತ 9,041 ಮಹಿಳೆಯರ ಮೇಲೆ ನಡೆದ, 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಮಾಲಿನ್ಯ ಹೆಚ್ಚಿದ್ದಲ್ಲಿ ಮೂಳೆ ಸಾಂದ್ರತೆ ಬೇಗ ಕುಸಿದಿತ್ತು.

ಗಾಳಿಗೂ ಮೂಳೆಗೂ ಏನು ಸಂಬಂಧ?

ನಮ್ಮ ಮೂಳೆ ಸದಾ ಸ್ವಲ್ಪ ಕರಗುತ್ತಾ, ಮತ್ತೆ ಕಟ್ಟಿಕೊಳ್ಳುತ್ತಾ ಇರುತ್ತದೆ. ಶ್ವಾಸಕೋಶದ ಆಳಕ್ಕಿಳಿಯುವ ಸೂಕ್ಷ್ಮ ಕಣಗಳು ದೇಹದಲ್ಲಿ ಉರಿಯೂತ ಉಂಟುಮಾಡುತ್ತವೆ. ಆಗ ಕಟ್ಟುವುದಕ್ಕಿಂತ ಕರಗುವುದೇ ಹೆಚ್ಚಾಗಬಹುದು ಎನ್ನುತ್ತಾರೆ ತಜ್ಞರು.

ಇನ್ನೊಂದು ದಾರಿ ಬಿಸಿಲಿನದ್ದು. ದಟ್ಟ ಹೊಗೆಯು ವಿಟಮಿನ್ ಡಿ ತಯಾರಿಗೆ ಬೇಕಾದ ಸೂರ್ಯಕಿರಣಗಳನ್ನು ತಡೆಯುತ್ತದೆ. ದೆಹಲಿಯ ಹೆಚ್ಚು ಮಾಲಿನ್ಯವಿದ್ದ ಪ್ರದೇಶದ ಪುಟ್ಟ ಮಕ್ಕಳಲ್ಲಿ ವಿಟಮಿನ್ ಡಿ ಕಡಿಮೆ ಇತ್ತು ಎಂದು 2002ರ ಅಧ್ಯಯನ ತೋರಿಸಿದೆ.

ಹಾಗಾದರೆ ಭಯಪಡಬೇಕೇ?

ಬೇಡ. ಈ ಅಧ್ಯಯನಗಳು ನಂಟನ್ನು ತೋರಿಸುತ್ತವೆ. ನಿಮ್ಮ ಮಂಡಿನೋವಿಗೆ ಹೊಗೆಯೇ ಕಾರಣ ಎಂದು ಹೇಳುವುದಿಲ್ಲ. ವಯಸ್ಸು, ಮುಟ್ಟು ನಿಲ್ಲುವುದು, ಕ್ಯಾಲ್ಸಿಯಂ ಕೊರತೆ, ಧೂಮಪಾನ, ದೀರ್ಘಕಾಲ ಸ್ಟೀರಾಯ್ಡ್ ಸೇವನೆ ಕೂಡ ಮೂಳೆಯನ್ನು ದುರ್ಬಲಗೊಳಿಸುತ್ತವೆ.

ನಾವೇನು ಮಾಡಬಹುದು?

• ವಾಹನ ದಟ್ಟಣೆಯ ರಸ್ತೆ ಬಿಟ್ಟು ಪಾರ್ಕ್ ಅಥವಾ ಒಳರಸ್ತೆಯಲ್ಲಿ ವಾಕಿಂಗ್ ಮಾಡಿ.
• ಮನೆ ಮುಂದೆ ಕಸ, ಪ್ಲಾಸ್ಟಿಕ್ ಸುಡಬೇಡಿ.
• ರಾಗಿ, ಎಳ್ಳು, ಹಾಲು, ಮೊಸರು ಊಟದಲ್ಲಿರಲಿ.
• ಸಣ್ಣಗೆ ಬಿದ್ದರೂ ಮೂಳೆ ಮುರಿದರೆ, ಡೆಕ್ಸಾ ಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ಕೇಳಿ.

ಫಾರ್ವರ್ಡ್ ಸಂದೇಶ ನೋಡಿ ನೀವಾಗಿಯೇ ಕ್ಯಾಲ್ಸಿಯಂ, ವಿಟಮಿನ್ ಡಿ ಮಾತ್ರೆ ಶುರು ಮಾಡಬೇಡಿ. ಮಾತ್ರೆ ಗಾಳಿಯನ್ನು ಶುದ್ಧ ಮಾಡುವುದಿಲ್ಲ.